ಸುದ್ದಿಗೆ ಜಾಗ ತೋರಿಸಿದ ನೀಲವ್ವ ದೊಡ್ಡವ್ವ

ನೀಲವ್ವ ದೊಡ್ಡವ್ವನ ಅಂಗಡಿಗೆ ಸುದ್ದಿ ತಂದವರು ಬಾಯಿ ಬಿಡುವ ಮೊದಲು ತಾವು ಎಲ್ಲಿ ಕೂಡಬೇಕೆಂಬುದನ್ನು ತಿಳಿದುಕೊಳ್ಳಬೇಕಿತ್ತು. ಅವಳು ಬಂದವರ ಕುಲ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಎಲೆಯಡಿಕೆಯನ್ನು ಎಡದವಡೆಗೆ ಸರಿಸಿ ಒಂದೇ ಪ್ರಶ್ನೆ ಹಾಕುತ್ತಿದ್ದಳು: “ಕಂಡದ್ದೋ, ಕೇಳಿದ್ದೋ, ಅನಕೊಂಡದ್ದೋ?”

ಕಣ್ಣಾರೆ ಕಂಡದ್ದಾದರೆ ಒಳಗೆ ಬಂದು ಅವಳ ಗಾದಿಯ ಮೇಲೆಯೇ, ಬಿಳಿ ಬಟ್ಟೆ ಹಾಸಿದ ಆ ಮೆತ್ತನೆಯ ಆಸನದ ಅಂಚಿನಲ್ಲಿ, ಕೂತು ಹೇಳಬಹುದಿತ್ತು. ಬೇರೆಯವರಿಂದ ಕೇಳಿದ್ದಾದರೆ ಹೊರಗಿನ ಕಲ್ಲುಕಟ್ಟೆ. ಬರೀ ಅಂದುಕೊಂಡದ್ದಾದರೆ ಬೀದಿಗೆ ಇಳಿಯುವ ಪಾವಟಗಿ, ಅಂದರೆ ಮೆಟ್ಟಿಲು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನೆರಳು ಬೀಳುತ್ತಿರಲಿಲ್ಲ. “ಬಿಸಲಾಗ ಕುಂತ್ರ ಮಾತು ಗಿಡ್ಡ ಆಗ್ತದ” ಎನ್ನುತ್ತಿದ್ದಳು. ಗಿಡ್ಡವಾಗುತ್ತಿದ್ದುದೂ ನಿಜ. ಕಟ್ಟೆಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದವನು ಮೆಟ್ಟಿಲ ಮೇಲೆ ಎರಡು ಮಾತಾಡಿ ಬೆವರೊರೆಸಿಕೊಂಡು ಎದ್ದುಹೋಗುತ್ತಿದ್ದ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೇನೆ. ಎಲೆಯಡಿಕೆ ಎಡದವಡೆಯಲ್ಲಿತ್ತೋ ಬಲದವಡೆಯಲ್ಲೋ? ಎಡ ಎಂದು ಕೈ ಬರೆಯಿತು, ಮನಸ್ಸು ಸಾಕ್ಷಿ ಹೇಳಲಿಲ್ಲ. ಹೀಗೆ ಅನುಮಾನಪಡುವ ರೋಗ ನನಗೆ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದುವಾಗ ಅಂಟಿದ್ದು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ದೊಡ್ಡವ್ವನಿಂದಲೇ ಅಂಟಿರಬಹುದು.

ಅವಳು ನನ್ನ ತಾಯಿಯ ಅಕ್ಕ. ಹುಮನಾಬಾದದ ಬಜಾರದಲ್ಲಿ ಅವಳ ಗಂಡನದು ದೊಡ್ಡ ಅಡತ್ ಅಂಗಡಿ. ರೈತರು ಜೋಳ, ತೊಗರಿ, ಶೇಂಗಾ ತಂದು ಇಳಿಸುವುದು, ಅಂಗಡಿ ಅದನ್ನು ಮಾರಿಸಿಕೊಟ್ಟು ತನ್ನ ಪಾಲು ಹಿಡಿಯುವುದು. ಇಂದಿನ ಬಸವಕಲ್ಯಾಣ ಆಗ ನಮ್ಮ ಬಾಯಲ್ಲಿ ಬರೀ ಕಲ್ಯಾಣ. ಅಲ್ಲಿಯೂ ಒಂದು ಅಂಗಡಿ, ಎರಡರ ನಡುವೆ ಓಡಾಡಲು ಸ್ವಂತದ ಎತ್ತಿನ ಗಾಡಿಗಳು. ಗಂಡ ತೀರಿಕೊಂಡ ಮೇಲೆ ದೊಡ್ಡವ್ವ ಯಾರನ್ನೂ ಕೇಳದೆ ಹೋಗಿ ಗಾದಿಯ ಮೇಲೆ ಕೂತಳು. ಕಲ್ಯಾಣದ ಅಂಗಡಿ ನೋಡಿಕೊಳ್ಳುತ್ತಿದ್ದ ಅವಳ ಮೈದುನ ಶರಣಪ್ಪ ಕಾಕಾನಿಗೆ ಇದು ಹಿಡಿಸಲಿಲ್ಲ. ಅಣ್ಣನ ಗಾದಿ ತಮ್ಮನಿಗೆ ಬರಬೇಕಿತ್ತು ಎಂಬುದು ಅವನ ಲೆಕ್ಕ.

“ಹೆಣ್ಣಮಗಳು ಗಾದಿ ಮ್ಯಾಲ ಕುಂತ್ರ ತಕ್ಕಡಿ ಒಂದು ಕಡಿ ವಾಲ್ತದ, ವೈನಿ” ಎಂದು ಅವನು ನಾಲ್ಕು ಜನರೆದುರು ಅತ್ತಿಗೆಗೆ ಅಂದನಂತೆ.

“ಹೌದಪಾ ಶರಣಪ್ಪಾ, ನಾ ಜರಾ ದಪ್ಪ ಇದೀನಿ. ವಾಲ್ತದ” ಅಂದಳಂತೆ ಅವಳು. ಅಂದು ತಾನೇ ನಕ್ಕಳು. ಅವಳು ನಕ್ಕರೆ ಜೋಳದ ರಾಶಿಯ ಮೇಲಿನ ಗುಬ್ಬಿಗಳು ಹಾರಿಹೋಗುತ್ತಿದ್ದವು. ಆ ಮಾತು ನಾನು ಕೇಳಿದ್ದು, ಕಟ್ಟೆಯದು. ಗುಬ್ಬಿಗಳನ್ನು ಮಾತ್ರ ಕಂಡಿದ್ದೇನೆ.

ನಾನು ರಜೆಗಳಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ತಂಗಿಯ ಮಗನಾದ್ದರಿಂದ ಅಂಗಡಿಯಲ್ಲಿ ನನಗೆ ಪಾಲಿರಲಿಲ್ಲ. ಹಾಗಾಗಿ ಎಲ್ಲರೂ ನನ್ನೆದುರು ನಿಶ್ಚಿಂತೆಯಿಂದ ಜಗಳವಾಡುತ್ತಿದ್ದರು.

ಅವಳು ಗಾದಿಗೆ ಬಂದ ಮೊದಲ ಮಳೆಗಾಲದಲ್ಲೇ ಹಿಂದಿನ ಕೋಣೆಯಲ್ಲಿ ತೊಗರಿ ಮೊಳಕೆಯೊಡೆಯಿತು. ಚೀಲಗಳ ಹೆಣಿಗೆಯಿಂದ ಹಸಿರು ಚಿಗುರು ಹೊರಬಂದು ಕೋಣೆಯೇ ಹೊಲವಾಗಿತ್ತು. ವಿಚಾರಿಸಿದರೆ, ಮಾಳಿಗೆ ಅಲ್ಲಿ ಸೋರುತ್ತದೆಂದು ಮೂಟೆ ಹೊರುವ ಹಮಾಲನಿಗೆ ಗೊತ್ತಿತ್ತು. ಆದರೆ ಅಲ್ಲಿ ತೊಗರಿ ಇಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ತೊಗರಿ ಅಲ್ಲಿಡುವುದು ಗುಮಾಸ್ತ ವಿಠ್ಠಲರಾಯರಿಗೆ ಗೊತ್ತಿತ್ತು, ಸೋರುವುದು ಗೊತ್ತಿರಲಿಲ್ಲ. ಮಾಳಿಗೆಗೆ ಹಾಕಲು ಮಣ್ಣು ಹಿತ್ತಲಲ್ಲಿ ಬಿದ್ದಿದೆಯೆಂದು ಗಾಡಿಗಳ ಮುಖ್ಯಸ್ಥ ಖಾಜಾಸಾಬನಿಗೆ ಗೊತ್ತಿತ್ತು. ಅದು ಯಾಕೆ ಬಿದ್ದಿದೆಯೆಂದು ಗೊತ್ತಿರಲಿಲ್ಲ.

ದೊಡ್ಡವ್ವ ಒಂದು ಚಿಗುರನ್ನು ಕಿತ್ತು ಮೂವರಿಗೂ ತೋರಿಸಿದಳು. “ಎಲ್ಲಾರಿಗೂ ಗೊತ್ತಿತ್ತು. ಅಂಗಡಿಗೆ ಗೊತ್ತಿದ್ದಿಲ್ಲ.”

ಮರುದಿನದಿಂದ ಸಂಜೆ ದೀಪ ಹಚ್ಚುವ ಮೊದಲು ಅಂಗಡಿಯ ಎಲ್ಲರೂ ಕಟ್ಟೆಯ ಮೇಲೆ ಸೇರಬೇಕೆಂದಾಯಿತು. ಹಮಾಲನಿರಲಿ, ಗುಮಾಸ್ತನಿರಲಿ, ಒಂದೇ ಪ್ರಶ್ನೆ: “ಇವತ್ತ ನಿನಗ ತಿಳದದ್ದು ಇನ್ಯಾರಿಗೆ ತಿಳೀಬೇಕಿತ್ತು?” ಉತ್ತರ ಕೊಟ್ಟವನಿಗೆ ಒಂದು ಬೊಗಸೆ ಚುರಮುರಿ, ಮೇಲೊಂದು ಹಸಿಮೆಣಸಿನಕಾಯಿ. ಆಗಲೇ ಇನ್ನೊಬ್ಬ ಹೇಳಿದ್ದನ್ನು ತಿರುಗಿ ಹೇಳಿದವನಿಗೆ ಮೆಣಸಿನಕಾಯಿ ಮಾತ್ರ.

ಚುರಮುರಿಗಾಗಿ ಖಾಜಾಸಾಬ ಏನು ಬೇಕಾದರೂ ಹೇಳಲು ತಯಾರಿದ್ದ.

“ಅವ್ವಾ, ಕೆಂದೆತ್ತು ಇವತ್ತ ಸೀನ್ತರಿ.”

“ಅದು ಯಾರಿಗೆ ತಿಳೀಬೇಕೋ ಖಾಜಾ?”

“ನಿಮಗರಿ. ನಾಳಿ ಸೀನಿ ಗಾಡಿ ಕೆಡವಿದ್ರ ಖಾಜಾ ಹೇಳಲಿಲ್ಲ ಅಂತೀರಿ.”

“ಎಡ ಹೊಳ್ಳಿಲೆ ಸೀನ್ತೋ, ಬಲ ಹೊಳ್ಳಿಲೆ ಸೀನ್ತೋ?” ಎಂದು ವಿಠ್ಠಲರಾಯರು ಕಿಚಾಯಿಸಿದರು. ಅವರು ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಮಾತಿಗೊಮ್ಮೆ ಮರಾಠಿ ಬೆರೆಸುತ್ತಿದ್ದ ಸಣಕಲು ಮನುಷ್ಯ.

“ರಾಯರ, ನೀವು ಲೆಕ್ಕ ಬರೀರಿ. ಎತ್ತಿನ ಮೂಗು ನನ್ನ ಖಾತೆದಾಗ ಅದ.”

ಚುರಮುರಿ ಸಿಕ್ಕಿತು. ಎರಡು ದಿನದ ಮೇಲೆ ಕೆಂದೆತ್ತು ಜ್ವರ ಬಂದು ಮಲಗಿತು, ಬದಲಿ ಎತ್ತನ್ನು ದೊಡ್ಡವ್ವ ಮೊದಲೇ ಗೊತ್ತುಮಾಡಿದ್ದಳು ಎಂದು ನಾನು ಹಲವರಿಗೆ ಹೇಳಿದ್ದೇನೆ. ಇದು ನಡೆದದ್ದೋ, ಕತೆ ಚೆನ್ನಾಗಿರಲೆಂದು ನಾನೇ ಎತ್ತಿಗೆ ಜ್ವರ ಬರಿಸಿದೆನೋ ಈಗ ಹೇಳಲಾರೆ.

ಗಾದಿ, ಕಟ್ಟೆ, ಪಾವಟಗಿಗಳ ಕಟ್ಟಳೆಗೆ ಒಂದು ಶಿಕ್ಷೆಯೂ ಇತ್ತು. ಗಾದಿಯ ಮೇಲೆ ಸುಳ್ಳು ಹತ್ತಿಸಿದವರು ಮುಂದಿನ ದೀಪಾವಳಿಯ ಪಾಡ್ಯದವರೆಗೆ ಪಾವಟಗಿ ಬಿಟ್ಟು ಮೇಲೆ ಬರುವಂತಿಲ್ಲ. ಅದಕ್ಕೆ ಮೊದಲು ಸಿಕ್ಕಿಬಿದ್ದವನು ಶರಣಪ್ಪ ಕಾಕಾ. ಕಲ್ಯಾಣದ ದಾರಿಯಲ್ಲಿರುವ ಹುಡಗಿ ಎಂಬ ಊರಿನ ಶೇಂಗಾಕ್ಕೆಲ್ಲ ರೋಗ ಬಿದ್ದಿದೆ, ಕಣ್ಣಾರೆ ಕಂಡೆ ಎಂದು ಗಾದಿಯ ಮೇಲೆ ಕೂತು ಹೇಳಿದ. ಅವನು ಕಂಡದ್ದು ಓಡುವ ಬಸ್ಸಿನ ಕಿಟಕಿಯಿಂದ ಒಂದೇ ಒಂದು ಹೊಲ. ಸುಗ್ಗಿಯಲ್ಲಿ ಹುಡಗಿಯಿಂದ ಶೇಂಗಾ ಹೊಳೆಯಂತೆ ಹರಿದುಬಂತು. ಅಂಗಡಿಯಲ್ಲಿ ಚೀಲವಿಲ್ಲ, ಕೋಣೆಯಲ್ಲಿ ಜಾಗವಿಲ್ಲ. ಬೀದಿಯಲ್ಲಿ ರಾಶಿ ಹಾಕಿ, ಊರ ಆಡುಗಳನ್ನು ಓಡಿಸಲು ಗುಮಾಸ್ತ ವಿಠ್ಠಲರಾಯರನ್ನೇ ಕೋಲು ಕೊಟ್ಟು ನಿಲ್ಲಿಸಬೇಕಾಯಿತು.

“ಪಾವಟಗಿ, ಶರಣಪ್ಪಾ” ಅಂದಳು ದೊಡ್ಡವ್ವ.

ಅರ್ಧ ಅಂಗಡಿಯ ಮಾಲೀಕ, ರೇಷ್ಮೆ ರುಮಾಲು ಸುತ್ತಿದವನು, ಆ ವರ್ಷ ಕಲ್ಯಾಣದಿಂದ ಬಂದಾಗಲೆಲ್ಲ ಬಿಸಿಲ ಮೆಟ್ಟಿಲ ಮೇಲೆ ಕೂತು ವ್ಯವಹಾರ ಮಾತಾಡಿದ. ಅವನು ಅದನ್ನು ಮರೆಯಲಿಲ್ಲ.

ನಾನು ಆಗ ಕಾಲೇಜಿನ ಹೊಸ ಹುಮ್ಮಸ್ಸಿನಲ್ಲಿದ್ದೆ. “ದೊಡ್ಡವ್ವಾ, ಸುಳ್ಳು ಹೇಳದವನ ಕಣ್ಣೂ ಸುಳ್ಳು ಹೇಳಬಹುದು. ಕಂಡದ್ದು ಖರೇನ ಇದ್ದು, ಅದರ ಅರ್ಥ ತಪ್ಪಿರಬಹುದಲ್ಲ?” ಎಂದೆ.

“ನಿನಗ ಚಸಮಾ ಬಂದದ ತಮ್ಮಾ, ಅದಕ್ಕ ಹಂಗ ಅನಸ್ತದ” ಎಂದು ನನ್ನ ಕನ್ನಡಕ ಕಿತ್ತು ತನ್ನ ಸೆರಗಿನಿಂದ ಒರೆಸಿಕೊಟ್ಟಳು. ಅದರ ಮೇಲೆ ಸುಣ್ಣದ ಗೆರೆ ಮೂಡಿತ್ತು.

ಇನ್ನು ಇಲಿಯ ವಿಷಯ. ಎರಡನೆಯ ಮಹಾಯುದ್ಧ ಶುರುವಾಗುವ ಸ್ವಲ್ಪ ಮೊದಲಿನ ಚಳಿಗಾಲ ಅದು, ಅಥವಾ ಸ್ವಲ್ಪ ನಂತರದ್ದು. ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗುತ್ತಿತ್ತು, ಅಷ್ಟು ಖಾತ್ರಿ. ಒಂದು ಬೆಳಿಗ್ಗೆ ಚೀಲಗಳ ಹಿಂದೆ ಒಂದು ಇಲಿ ಸತ್ತು ಬಿದ್ದಿತ್ತು. ಆ ಕಾಲದಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗ್ ಬಂತೆಂದೇ ಅರ್ಥ. ಇಲಿ ಬಿದ್ದ ಊರನ್ನು ಜನ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ದೊಡ್ಡವ್ವ ಬಗ್ಗಿ ನೋಡಿದಳು. ಅದರ ಕತ್ತಿನ ಮೇಲೆ ಹಲ್ಲಿನ ಗುರುತು. “ಬೆಕ್ಕಿನ ಕೆಲಸ” ಎಂದು ಬಾಲ ಹಿಡಿದು ಎಸೆಸಿದಳು. ಆದರೂ ಮನಸ್ಸು ತಡೆಯಲಿಲ್ಲ. ಗಾಡಿ ಹೂಡುತ್ತಿದ್ದ ಖಾಜಾಸಾಬನಿಗೆ ಕೂಗಿ ಹೇಳಿದಳು: “ಖಾಜಾ, ಕಲ್ಯಾಣದ ಕಡಿ ಇಲಿ ಬಿದ್ದಾವೇನು, ಜರಾ ಕೇಳಿ ಬಾ.”

ಇದು ಗಾದಿಯ ಮಾತು. ನಾನು ಪಕ್ಕದಲ್ಲೇ ನಿಂತು ಹಲ್ಲುಜ್ಜುತ್ತಿದ್ದೆ.

ಖಾಜಾಸಾಬ ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಹೆಚ್ಚು ಮಾಡುವ ಮನುಷ್ಯ. ಹುಡಗಿಯ ಬಾವಿಯ ಹತ್ತಿರ ಕೇಳಿದ. ದಾರಿಯ ಚಹದ ಅಂಗಡಿಯಲ್ಲಿ ಕೇಳಿದ. ಎದುರು ಬಂದ ಗಾಡಿ ನಿಲ್ಲಿಸಿ ಕೇಳಿದ. ಕಲ್ಯಾಣದ ಬಜಾರದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಕೇಳಿದ: “ಇಲಿ ಬಿದ್ದಾವೇನ್ರಿ? ನಮ್ಮ ಅವ್ವ ಕೇಳಿ ಬಾ ಅಂದಾರ.”

ಕಲ್ಯಾಣದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಮನಾಬಾದದ ನೀಲವ್ವ ಖಾತ್ರಿಯಿಲ್ಲದೆ ಮಾತಾಡುವವಳಲ್ಲ. ಅವಳೇ ಇಲಿ ಕೇಳುತ್ತಿದ್ದಾಳೆಂದರೆ ಹುಮನಾಬಾದದಲ್ಲಿ ಏನೋ ಆಗಿದೆ, ಈ ಗಾಡಿಗಳ ಜೊತೆಯೇ ಇಲ್ಲಿಗೂ ಬಂತು! ಮೊದಲು ಅಂಗಡಿಗೆ ಕೀಲಿ ಹಾಕಿ ಟ್ರಂಕು ಹೊತ್ತು ಹೊಲಕ್ಕೆ ಓಡಿದವನು ಶರಣಪ್ಪ ಕಾಕಾ. ಸ್ವಂತ ಮೈದುನನೇ ಓಡಿದ ಮೇಲೆ ಉಳಿದವರು ಯಾರನ್ನು ಕೇಳಬೇಕು? ಬಜಾರದ ಅರ್ಧ ಮಂದಿ ಹಿಂದೆ ಹೊರಟರು.

ಮರುದಿನ ನಮ್ಮ ಅಂಗಡಿಗೆ ಕಲ್ಯಾಣದಿಂದ ಒಬ್ಬ ಬಟ್ಟೆ ವ್ಯಾಪಾರಿ ಓಡೋಡಿ ಬಂದು ನೇರ ಗಾದಿ ಹತ್ತಿದ.

“ಕಂಡದ್ದೋ?” ಅಂದಳು ದೊಡ್ಡವ್ವ.

“ಈ ಎರಡ ಕಣ್ಣೀಲೆ ಕಂಡೀನ್ರಿ! ಬಜಾರ ಬಂದ್. ಶರಣಪ್ಪನವರ ಅಂಗಡಿಗೆ ಕೀಲಿ. ಮಂದಿ ಹೊಲದಾಗ ಗುಡಸಲ ಹಾಕಾಕತ್ತಾರ.”

ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಎಲ್ಲರೂ ಗಾದಿಗೇ ಬಂದರು. ಎಲ್ಲರೂ ಕಂಡಿದ್ದರು. ಯಾರ ಮಾತೂ ಸುಳ್ಳಲ್ಲ. ಗಾದಿಯ ಮೇಲೆ ಅಷ್ಟು ಜನ ಒಟ್ಟಿಗೆ ಕೂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ದೊಡ್ಡವ್ವನಿಗೆ ಜಾಗ ಸಾಲದೆ ಅವಳೇ ಎದ್ದು ನಿಂತಳು. “ನಡೀರಿ, ಹುಡಗಿ ಹೊಲಕ್ಕ” ಅಂದಳು. ನೀಲವ್ವನ ಅಂಗಡಿ ಮುಚ್ಚಿತೆಂದ ಮೇಲೆ ಹುಮನಾಬಾದದ ಬಜಾರಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಣ್ಣು ಸುಳ್ಳು ಹೇಳಬಹುದೆಂದು ವಾದಿಸಿದ ನಾನು ತರ್ಕಶಾಸ್ತ್ರದ ಪುಸ್ತಕವನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಎಲ್ಲರಿಗಿಂತ ಮುಂದಿನ ಗಾಡಿಯಲ್ಲಿ ಕೂತಿದ್ದೆ.

ಆಮೇಲಿನ ದಿನಗಳು! ಸಾವಿಗೆ ಹೆದರಿ ಓಡಿದವರು ಅಷ್ಟು ಸುಖಪಟ್ಟದ್ದು ಲೋಕದಲ್ಲಿ ಬೇರೆಲ್ಲೂ ಇರಲಾರದು. ಸುತ್ತ ಎಳೆಜೋಳ. ಬೆಳಗಾದರೆ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಸೀತನಿ. ಜೊತೆಗೆ ಬೆಳ್ಳುಳ್ಳಿ ಖಾರ, ಗಡಿಗೆಯ ಮೊಸರು, ಬೆಲ್ಲ. ಬಜಾರದಲ್ಲಿ ಒಬ್ಬರ ಗಿರಾಕಿಯನ್ನು ಒಬ್ಬರು ಎಳೆಯುತ್ತಿದ್ದ ವರ್ತಕರು ಒಂದೇ ಕೆಂಡದ ಸುತ್ತ ಕೂತು ಒಬ್ಬರ ಬಾಯಿಗೆ ಒಬ್ಬರು ಸೀತನಿ ಹಾಕುತ್ತಿದ್ದರು. ವಿಠ್ಠಲರಾಯರು ಬೇವಿನ ಮರದ ಕೆಳಗೆ ಲೆಕ್ಕದ ಪುಸ್ತಕ ತೆರೆದು, ಮುಖಕ್ಕೆ ಮುಚ್ಚಿಕೊಂಡು, ನಿದ್ದೆ ಹೊಡೆದರು. ದೊಡ್ಡವ್ವ ಎತ್ತಿನ ಗಾಡಿಯ ನೊಗಕ್ಕೆ ಒರಗಿ ಕೂತು ಸಂಜೆಯ ಕೂಟ ನಡೆಸಿದಳು. ಚುರಮುರಿಯ ಬದಲು ಸೀತನಿ.

“ಇವತ್ತ ಏನ ತಿಳೀತೋ ಖಾಜಾ?”

“ಸೀತನಿ ಭಾಳ ತಿಂದ್ರ ಹೊಟ್ಟಿ ಉಬ್ಬತದ ಅಂತ ತಿಳೀತ್ರಿ ಅವ್ವಾ.”

“ಅದು ಯಾರಿಗೆ ತಿಳೀಬೇಕು?”

“ರಾಯರಿಗೆ ಹೇಳ್ಬೇಕಿತ್ತರಿ. ತಡಾ ಆಯ್ತು.”

ಹಾಗೆ ಒಂದು ವಾರವಾಯಿತೋ ಎರಡೋ. ಯಾರಿಗೂ ಒಂದು ಕೆಮ್ಮು ಕೂಡ ಬರಲಿಲ್ಲ. ಆಗ ಒಂದು ಮಧ್ಯಾಹ್ನ ದಾರಿಯಲ್ಲಿ ಒಂದು ಗಾಡಿ ನಿಂತು ಶರಣಪ್ಪ ಕಾಕಾ ಇಳಿದ. ಮೂಗಿಗೆ ರುಮಾಲು ಬಿಗಿದಿತ್ತು. ಬದುವಿನ ಆಚೆಯೇ ನಿಂತು ಕೂಗಿದ:

“ವೈನೀ! ಜೀವಂತ ಇದ್ದೀರೇನು?”

“ಇದ್ದೀನೋ! ನೀ ಇದ್ದೀಯೇನು?”

“ಇದ್ದೀನಿ! ಹುಮನಾಬಾದದಾಗ ಎಷ್ಟ ಮಂದಿ ಹೋದ್ರು?”

“ಯಾರೂ ಹೋಗಿಲ್ಲ! ಕಲ್ಯಾಣದಾಗ ಎಷ್ಟ ಮಂದಿ ಹೋದ್ರು?”

“ಯಾರೂ ಇಲ್ಲ! ನಾವು ನಿಮಗ ಹೆದರಿ ಹೊಲಕ್ಕ ಬಂದೀವಿ!”

“ನಾವು ನಿಮಗ ಹೆದರಿ ಬಂದೀವಲ್ಲೋ!”

ಆಮೇಲೆ ಖಾಜಾಸಾಬ ಮೆಲ್ಲಗೆ ಕೇಳಿದ: “ಹಂಗಾದ್ರ ಪ್ಲೇಗ್ ಎಲ್ಲದರಿ?”

ಮೊದಲು ನಕ್ಕವರು ಯಾರೋ ನೆನಪಿಲ್ಲ. ನಗು ಜೋಳದ ಹೊಲಕ್ಕೆ ಬೆಂಕಿ ಬಿದ್ದ ಹಾಗೆ ಹಬ್ಬಿತು. ಒಬ್ಬ ವರ್ತಕ ನಗುತ್ತ ಕೆಂಡದ ಬೂದಿಯಲ್ಲೇ ಕೂತುಬಿಟ್ಟ. ನಗದಿದ್ದವರು ಇಬ್ಬರೇ: ಶರಣಪ್ಪ ಕಾಕಾ ಮತ್ತು ಖಾಜಾಸಾಬ. ಕಾಕಾ ರುಮಾಲು ಬಿಚ್ಚಿ, ಬದು ದಾಟಿ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದ:

“ಎರಡು ಬಜಾರ ಬಂದ್ ಆಗ್ಯಾವ. ರೈತರು ಮಾಲು ತಂದು ಹೊಳ್ಳಿ ಹೋಗ್ಯಾರ. ನಗೋದೇನು? ಈ ಖಾಜಾ ಬಂದು ಇಲಿ ಇಲಿ ಅಂತ ಊರಾಗ ಹುಯ್ಯಲಿ ಎಬ್ಬಿಸಿದ. ಇವನ ಕೆಲಸ ಇವತ್ತ ತೆಗೀಬೇಕು. ಇಲ್ಲಂದ್ರ ಇವನ ಕಳಿಸಿದವ್ರು ಯಾರು, ಅವ್ರು ಹೇಳಬೇಕು.”

ನಗು ನಿಂತಿತು. ಬಜಾರದ ಹಿರಿಯರು ಬೇವಿನ ಕೆಳಗೆ ಕೂತರು. ಕಾಕಾ ಏನು ಬಯಸಿದ್ದಾನೆಂದು ಎಲ್ಲರಿಗೂ ತಿಳಿದಿತ್ತು. ಖಾಜಾ ಹೋದರೆ ದೊಡ್ಡವ್ವನ ಬಲಗೈ ಹೋದಂತೆ. ಖಾಜಾ ಉಳಿದರೆ ಗಾದಿಯ ಮೇಲೆ ಸುಳ್ಳು ಹತ್ತಿಸಿದವಳು ಅವಳೇ ಎಂದಾಗುತ್ತದೆ. ಆಮೇಲೆ ಗಾದಿ ತಾನಾಗಿ ಖಾಲಿ.

ಖಾಜಾಸಾಬ ಕೈ ಕಟ್ಟಿ ನಿಂತ. “ತಪ್ಪ ನಂದದರಿ. ನಾನ ಕೇಳೀನಿ” ಅಂದ.

ದೊಡ್ಡವ್ವ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಕಲ್ಯಾಣದವರು ಕೇಳಿದ್ದು ಖಾಜಾನ ಬಾಯಿಂದ ಅವಳ ಹೆಸರನ್ನಷ್ಟೇ. ಅವಳೇ ಕೂಗಿ ಹೇಳಿದ್ದನ್ನು ಕೇಳಿದವರು ಖಾಜಾ ಮತ್ತು ನಾನು ಇಬ್ಬರೇ, ಅವನು ಹೇಳುವವನಲ್ಲ, ನಾನು ಹಲ್ಲುಜ್ಜುತ್ತಿದ್ದೆ. ಅವಳು ಎದ್ದು ನಿಂತು ಬಟ್ಟೆಯ ಮೇಲಿನ ಹೊಟ್ಟು ಕೊಡವಿದಳು. ಆಮೇಲೆ ಬೇರೆಯದನ್ನೇ ಶುರುಮಾಡಿದಳು.

“ಹುಮನಾಬಾದ ಬಜಾರ ಮುಚ್ಚಿದ್ದು ಯಾಕ?”

“ನೀವು ಮುಚ್ಚಿದ್ರಿ ಅಂತ” ಅಂದರು ಹಿರಿಯರು.

“ನಾ ಮುಚ್ಚಿದ್ದು ಈ ಅರಿವಿ ವ್ಯಾಪಾರಿ ಕಲ್ಯಾಣ ಬಂದ್ ಆದದ್ದು ಕಂಡ ಅಂತ. ಕಲ್ಯಾಣ ಬಂದ್ ಯಾಕ ಆಯ್ತು?”

“ಶರಣಪ್ಪನವರು ಓಡಿದ್ರು ಅಂತರಿ” ಅಂದ ಬಟ್ಟೆ ವ್ಯಾಪಾರಿ. ಕಾಕಾ ಕೆಮ್ಮಿದ.

“ಶರಣಪ್ಪಾ, ನೀ ಯಾಕ ಓಡಿದಿ?”

“ಖಾಜಾ ಬಂದು ಕೇಳಿದ ಅಂತ, ವೈನಿ!”

“ಖಾಜಾ, ನೀ ಯಾಕ ಕೇಳಿದಿ?”

ಖಾಜಾಸಾಬ ನೆಲ ನೋಡಿದ. “ಯಾದಿಲ್ರಿ ಅವ್ವಾ, ನೆನಪಿಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಮೊದಲು ಅವಳ ಹೊಟ್ಟೆ ಅಲುಗಿತು, ಆಮೇಲೆ ಭುಜ, ಕೊನೆಗೆ ಬಾಯಿಗೆ ಬಂತು ನಗು. “ಹುಚ್ಚಪ್ಪಾ! ಎತ್ತಿನ ಸೀನು ಯಾದ್ ಇಡ್ತಿ, ನಾ ಹೇಳಿದ್ದು ಯಾದಿಲ್ಲೇನು? ಕೇಳ್ರಿ ಹಿರ್ಯಾರ! ಕೇಳಿ ಬಾ ಅಂದಾಕಿ ನಾನ. ನಮ್ಮ ಬೆಕ್ಕು ಇಲಿ ಹಿಡದಿತ್ತು, ಅದಕ್ಕ ಕೇಳಿಸಿದೆ. ನನ್ನ ಮಾತ ಊರ ಸುತ್ತಿ, ದಪ್ಪ ಆಗಿ, ನನ್ನ ಗಾದಿ ಮ್ಯಾಲ ಬಂದು ಕುಂತು ನನ್ನನ್ನ ಎಬ್ಬಿಸ್ತು. ನನಗ ಗುರ್ತ ಹತ್ತಲಿಲ್ಲ!”

ಹಿರಿಯರು ನಗಬೇಕೋ ಬೇಡವೋ ತಿಳಿಯದೆ ಕೂತರು. ಕಾಕಾ ಮಾತ್ರ ತಡಮಾಡಲಿಲ್ಲ. “ಹಂಗಾದ್ರ ಪಾವಟಗಿ, ವೈನಿ.”

“ಹೌದಪಾ. ಪಾವಟಗಿ” ಅಂದಳು. ಕಣ್ಣೊರೆಸಿಕೊಂಡಳು. ಅದು ನಗುವಿನ ನೀರೆಂದು ನಾನು ತಿಳಿದಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಗಂಡ ಕೂತಿದ್ದ ಗಾದಿ ಅದು.

ಸಂಕ್ರಾಂತಿಯ ಹೊತ್ತಿಗೆ ಶರಣಪ್ಪ ಕಾಕಾ ಕಲ್ಯಾಣದ ಅಂಗಡಿಯನ್ನು ಮಗನಿಗೆ ಬಿಟ್ಟು ಬಂದು ಹುಮನಾಬಾದದ ಗಾದಿಯ ಮೇಲೆ ಕೂತ. ಬೆನ್ನಿಗೆ ಒರಗಲು ಹೊಸ ಲೋಡು ತರಿಸಿದ. ದೊಡ್ಡವ್ವ ಒಂದು ಗೋಣಿ ಹಾಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಬಿಸಿಲು ತಾಗದಿರಲೆಂದು ಖಾಜಾಸಾಬ ಗಾಡಿಯ ತಟ್ಟಿಯನ್ನೇ ಕಿತ್ತು ಅವಳ ತಲೆಯ ಮೇಲೆ ಕಟ್ಟಿದ.

ಯಾರೂ ಯೋಚಿಸದಿದ್ದ ಒಂದು ಸಂಗತಿ ಆಗ ಬೆಳಕಿಗೆ ಬಂತು. ಗಾದಿಗೆ ಹೋಗಬೇಕಾದರೂ ಕಟ್ಟೆಗೆ ಹೋಗಬೇಕಾದರೂ ಮೊದಲು ಪಾವಟಗಿ ಹತ್ತಬೇಕು. ಬಂದವರೆಲ್ಲ ಅಲ್ಲೇ ನಿಲ್ಲುತ್ತಿದ್ದರು. “ಹ್ಯಾಂಗಿದೀರಿ ಅವ್ವಾ” ಎಂದು ಶುರುವಾದದ್ದು ಊರ ಮಳೆ, ಬೆಳೆ, ಗಾಡಿಯ ಗಾಲಿ, ಯಾರ ಮಾತು ನಂಬಬಹುದು, ಯಾರದು ಬೇಡ ಎಲ್ಲವನ್ನೂ ಮುಗಿಸಿಯೇ ನಿಲ್ಲುತ್ತಿತ್ತು. ಒಳಗೆ ಲೋಡಿಗೆ ಒರಗಿದ ಕಾಕಾ ಭಕ್ತರಿಲ್ಲದ ದೇವರಂತೆ ಕಾಯುತ್ತಿದ್ದ.

“ಏನಂತ ವೈನಿ ಅಂವಾ?” ಎಂದು ಒಳಗಿನಿಂದ ಕೂಗುತ್ತಿದ್ದ.

“ಇನ್ನಾ ಪಾವಟಗಿ ಮ್ಯಾಲ ಅದ ಶರಣಪ್ಪಾ! ಖಾತ್ರಿ ಆಗ್ಲಿ, ಒಳಗ ಬಿಡ್ತೀನಿ.”

“ಯಾವಾಗ ಆಗ್ತದ?”

“ಗಾದಿ ಮ್ಯಾಲ ಅವಸರ ಮಾಡಬಾರದಪಾ!”

ಬೀದಿಯವರು ಇದನ್ನು ಕೇಳಲೆಂದೇ ಎದುರಂಗಡಿಯಲ್ಲಿ ಸೇರುತ್ತಿದ್ದರು.

ಆ ಮೆಟ್ಟಿಲ ಮೇಲೆ ಅವಳು ಹೊಸ ಕಟ್ಟಳೆಯೊಂದನ್ನು ಮಾಡಿದಳು. “ಪ್ರಶ್ನಿನೂ ಒಂದು ಸುದ್ದಿನ, ತಮ್ಮಾ” ಎಂದು ನನಗೆ ಹೇಳಿದಳು. “ನಾ ಏನು ಕೇಳ್ತೀನಿ ಅಂಬೂದ್ರಾಗ ನನಗೇನು ಗೊತ್ತದ ಅಂತ ಮಂದಿ ಓದತಾರ. ಪ್ರಶ್ನಿ ಊರಿಗೆ ಹೊಂಟ್ರ, ಅದರ ಜೋಡಿ ಕಾರಣಾನೂ ಬುತ್ತಿ ಕಟ್ಟಿ ಕಳಸಬೇಕು.” ತರ್ಕಶಾಸ್ತ್ರದ ನನ್ನ ಗುರುಗಳು ಒಂದು ವರ್ಷ ಪಾಠ ಮಾಡಿದರೂ ಈ ಮಾತಿಗೆ ಬಂದಿರಲಿಲ್ಲ ಎಂದು ನಾನು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಖಾಜಾಸಾಬ ಆ ಕಟ್ಟಳೆಯನ್ನು ತನ್ನ ರೀತಿಯಲ್ಲಿ ಪಾಲಿಸತೊಡಗಿದ್ದ. ಮಾಣಿಕನಗರದ ಒಬ್ಬ ಅಂಗಡಿಕಾರನ ಮುಂದೆ ನಿಂತು, “ನನ್ನ ಹೇಣ್ತಿ ತವರಿಗೆ ಹೋಗ್ಯಾಳರಿ, ಮನ್ಯಾಗ ಒಲಿ ಹಚ್ಚಿಲ್ಲರಿ, ಹಸಿವಿ ಆಗ್ಯಾದರಿ, ಅದಕ್ಕ ಕೇಳಾಕತ್ತೀನಿ, ಫುಟಾಣಿ ಅದ ಏನ್ರಿ?” ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಅಂಗಡಿಕಾರ ಅಯ್ಯೋ ಪಾಪ ಎಂದು ಎರಡು ಹಿಡಿ ಹುರಿಗಡಲೆ ಹೆಚ್ಚು ಹಾಕಿದ.

ಯುಗಾದಿ ಕಳೆಯುವುದರೊಳಗೆ ಕಾಕಾ ಕಲ್ಯಾಣಕ್ಕೆ ಹೊರಟುಹೋದ. ಒಳಗೆ ಗಾದಿ ಖಾಲಿ ಇತ್ತು. ಎಲ್ಲರೂ ಹತ್ತಿ ಕೂಡ್ರಿ ಎಂದರು, ಹಿರಿಯರೂ ಹೇಳಿಕಳಿಸಿದರು. ಅವಳು ಕೇಳಲಿಲ್ಲ. ಇಡೀ ಬೇಸಿಗೆ, ಇಡೀ ಮಳೆಗಾಲ ಅಲ್ಲೇ ಇದ್ದಳು. ಪಾಡ್ಯದ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡು, ಹಸಿರು ಇಳಕಲ್ ಸೀರೆ ಉಟ್ಟು ಒಳಗೆ ಹೋಗಿ ಕೂತಳಂತೆ. ಕೂತ ಕೂಡಲೇ, “ಯವ್ವಾ, ಎಷ್ಟ ಮೆತ್ತಗದ! ಇದರ ಮ್ಯಾಲ ನಿದ್ದಿ ಬರದ ಮತ್ತೇನಾಗ್ತದ?” ಅಂದಳಂತೆ. ನಾನು ಆಗ ಹೈದರಾಬಾದಿನಲ್ಲಿದ್ದೆ.

ಓದು ಮುಗಿಸಿ ಅಲ್ಲೇ ಮೇಷ್ಟರ ಕೆಲಸ ಹಿಡಿದೆ. ಹೋಗಿಬರುವುದು ಕಡಿಮೆಯಾಯಿತು. ಕೊನೆಯ ಸಲ ಕಂಡಾಗ ಅವಳ ಹಲ್ಲು ಬಿದ್ದಿದ್ದವು, ಎಲೆಯಡಿಕೆಯನ್ನು ಕುಟ್ಟಿಸಿಕೊಂಡು ತಿನ್ನುತ್ತಿದ್ದಳು.

“ಹುಡುಗರಿಗೆ ಏನ ಕಲಸ್ತಿ?”

“ಸಂಶಯಪಡೋದು, ದೊಡ್ಡವ್ವಾ.”

“ಅದಕ್ಕ ಪಗಾರ ಕೊಡ್ತಾರೇನು?” ಎಂದು ಬೊಚ್ಚುಬಾಯಿ ತೆರೆದು ನಕ್ಕಳು. “ನಮ್ಮ ಅಂಗಡ್ಯಾಗ ಪುಕ್ಕಟ ಮಾಡಾಕತ್ತಿದ್ದಿ.”

ನಿಜಾಮನ ಆಳ್ವಿಕೆ ಮುಗಿದು ಹಿಂದೂ ಮುಸ್ಲಿಮರು ಒಬ್ಬರಿಗೊಬ್ಬರು ಹೆದರಿದ್ದ ನಲವತ್ತೆಂಟರ ಆ ಕೆಟ್ಟ ತಿಂಗಳುಗಳಲ್ಲಿ, ಒಂದೊಂದು ಸುಳ್ಳು ಸುದ್ದಿಯೂ ಕೈಯಲ್ಲಿ ಕತ್ತಿ ಹಿಡಿದು ಓಡಾಡುತ್ತಿದ್ದಾಗ, ಅವಳು ಗಾದಿ ಬಿಟ್ಟು ತಾನಾಗಿ ಬಂದು ಮತ್ತೆ ಮೆಟ್ಟಿಲ ಮೇಲೆ ಕೂಡುತ್ತಿದ್ದಳಂತೆ. ಬಂದ ಸುದ್ದಿಯನ್ನೆಲ್ಲ ಅಲ್ಲೇ ತಡೆದು ಕೂರಿಸುತ್ತಿದ್ದಳಂತೆ, ಖಾಜಾಸಾಬನ ಮನೆಮಂದಿ ಅಷ್ಟೂ ದಿನ ಅವಳ ಹಿಂದಿನ ಕೋಣೆಯಲ್ಲಿದ್ದರಂತೆ. ನಾನು ಅಲ್ಲಿರಲಿಲ್ಲ. ಬೇರೆಬೇರೆಯವರನ್ನು ಕೇಳಿದ್ದೇನೆ, ಎಲ್ಲರೂ ಒಂದೇ ಮಾತು ಹೇಳಿದರು. ಎಲ್ಲರೂ ಒಬ್ಬರಿಂದಲೇ ಕೇಳಿರಬಹುದಲ್ಲ ಎಂಬ ಹುಳ ಹೊಕ್ಕಿತು. ಖಾಜಾಸಾಬನನ್ನೇ ಕೇಳಿದೆ. ಅವನು ಕಣ್ಣು ತುಂಬಿಕೊಂಡ. ಮತ್ತೆ ಯಾರನ್ನೂ ಕೇಳಲಿಲ್ಲ.

ಅದರ ಮರುವರ್ಷ ಅವಳು ತೀರಿಕೊಂಡಳು. ಕಾಗದ ತಡವಾಗಿ ಮುಟ್ಟಿ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಡಿಯ ಬಾಗಿಲು ತೆರೆದಿತ್ತು. ಗಾದಿಗೆ ಒಗೆದ ಬಿಳಿ ಬಟ್ಟೆ ಹಾಸಿತ್ತು. ಶರಣಪ್ಪ ಕಾಕಾ ಹೊರಗೆ ಕಟ್ಟೆಯ ಮೇಲೆ ಖಾಜಾಸಾಬನ ಪಕ್ಕದಲ್ಲಿ ಕೂತು ಬಸಿಯಲ್ಲಿ ಚಹ ಕುಡಿಯುತ್ತಿದ್ದ. ಇಬ್ಬರ ಮೀಸೆಯೂ ಬೆಳ್ಳಗಾಗಿತ್ತು.

“ಒಳಗ ಯಾಕ ಕುಂತಿಲ್ರಿ ಕಾಕಾ? ಗಾದಿ ಈಗ ನಿಮ್ದ ಅಲ್ಲೇನ್ರಿ?”

“ನಂದ ಅದ” ಅಂದ ಕಾಕಾ. “ಅದ ತ್ರಾಸ.”

ಆಗ ಹುಡಗಿಯ ರೈತನೊಬ್ಬ ಗಾಡಿ ತುಂಬ ಜೋಳ ತಂದು ನಿಲ್ಲಿಸಿದ. ಒಳಗೆ ನೋಡಿದ, ಯಾರೂ ಇಲ್ಲ. ಕಟ್ಟೆ ನೋಡಿದ. ಯಾರೊಡನೆ ಮಾತಾಡಬೇಕೆಂದು ತಿಳಿಯದೆ ಹಗ್ಗ ಹಿಡಿದು ನಿಂತ.

“ಹೋಗ್ರಿ ಸಾವಕಾರ” ಅಂದ ಖಾಜಾಸಾಬ. “ಎತ್ತ ಬಿಸಲಾಗ ನಿಂತಾವ.”

ಕಾಕಾ ಬಸಿಯನ್ನು ಕೆಳಗಿಟ್ಟ. ಒಳಗೆ ಹೋಗಿ ಪಾದ ಒರೆಸಿಕೊಂಡು ಗಾದಿಯ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಕೂತ. ಅಷ್ಟಗಲದ ಗಾದಿಯ ಒಂದು ಅಂಚಿಗೆ ಸರಿದು, ಲೋಡನ್ನು ಆ ಕಡೆಗೇ ಬಿಟ್ಟು, ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಹಿಡಿದು ಕೂತವರ ಹಾಗೆ.